ಎರಡು ಸಲ ತಟ್ಟಿದರೆ

ಆ ಸದ್ದನ್ನು ಮೊದಲು ಕೇಳಿಸಿಕೊಂಡವಳು ನಾನೇ. ಕೇಳಿಸಿಕೊಂಡು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಈ ಬೇಸಿಗೆಯಲ್ಲಿ ನನ್ನ ಹೊಟ್ಟೆಗೆ ಇಷ್ಟೊಂದು ಕಿಚ್ಚು ಬೀಳುತ್ತಿರಲಿಲ್ಲ. ಆದರೆ ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ.

ಮೇ ತಿಂಗಳಲ್ಲಿ ನನ್ನ ಬಲ ಸೊಂಟದ ಕೀಲು ತೆಗೆದು ಹೊಸದು ಕೂರಿಸಿದರು. ಸೆಪ್ಟೆಂಬರ್ ನಾಲ್ಕಕ್ಕೆ ಬಂದು ತೋರಿಸಿ, ಅಲ್ಲಿಯವರೆಗೆ ಬೈಕ್ ಹತ್ತಕೂಡದು ಎಂದರು ಡಾಕ್ಟರು. ಇಪ್ಪತ್ತಾರು ವರ್ಷ ಒಂದೇ ಸೀಟಿನಲ್ಲಿ ಕೂತವಳಿಗೆ ಹೇಳುವ ಮಾತೇ ಇದು? ನನ್ನ ಗಂಡ ಬರ್ಟನ್ ಆ ಬೈಕನ್ನು ಸೆಕೆಂಡ್ ಹ್ಯಾಂಡ್ ತಂದದ್ದು ತೊಂಬತ್ತೆಂಟರಲ್ಲಿ. ಆರು ಸಿಲಿಂಡರು, ದ್ರಾಕ್ಷಾರಸದ ಬಣ್ಣ, ಎರಡು ಪಕ್ಕಕ್ಕೂ ಪೆಟ್ಟಿಗೆ, ಹಿಂದೆ ಇನ್ನೊಂದು ದೊಡ್ಡ ಪೆಟ್ಟಿಗೆ, ಅದಕ್ಕೆ ಹೊಂದಿಕೊಂಡಂತೆ ನನ್ನ ಬೆನ್ನಿಗೊಂದು ಒರಗುದಿಂಬು. ಮುಂದಿನ ಸೀಟು ಅವನದು, ಹಿಂದಿನದು ನನ್ನದು. ನಮ್ಮ ಮದುವೆಯಲ್ಲಿ ಇಷ್ಟು ಸ್ಪಷ್ಟವಾಗಿ ಪಾಲಾದ ವಸ್ತು ಬೇರೊಂದಿಲ್ಲ.

ಜೂನ್ ನಡುವಿನ ಒಂದು ಬೆಳಗ್ಗೆ ಬರ್ಟನ್ ಮೊದಲ ಸಲ ಒಬ್ಬನೇ ಅದನ್ನು ಹೊರಗೆ ತೆಗೆದ. ನಾನು ಊರುಗೋಲು ಹಿಡಿದು ವರಾಂಡದಲ್ಲಿ ಕೂತಿದ್ದೆ. ನಮ್ಮ ಮನೆ ಲಾಹೇವ್ ನದಿಯ ಮೇಲಿನ ಏರಿನಲ್ಲಿದೆ. ಕೆಳಗಿನ ರಸ್ತೆಯಲ್ಲಿ ಏನು ಹೋದರೂ ಕೇಳುತ್ತದೆ. ಅಷ್ಟು ವರ್ಷ ಆ ಬೈಕಿನ ಮೇಲೇ ಇದ್ದವಳಾದ್ದರಿಂದ ಅದು ದೂರದಿಂದ ಬರುವ ಸದ್ದು ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಎಂಜಿನ್ನಿನ ಗುಂಯ್ ಎನ್ನುವ ದನಿಯ ಮೇಲೆ ಸಣ್ಣಗೆ, ಚೂಪಾಗಿ, ಟಿಕ್ ಟಿಕ್ ಟಿಕ್ ಎಂದು ಇನ್ನೊಂದು.

ಅವನು ಬಂದು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಕೇಳಿಯೇಬಿಟ್ಟೆ.

"ಏನೋ ಅದು ಸದ್ದು?"

"ಯಾವ ಸದ್ದು?"

"ಹಿಂದುಗಡೆಯಿಂದ. ಟಿಕ್ ಟಿಕ್ ಅಂತ. ಕೇಳ್ಲಿಲ್ವಾ ನಿಂಗೆ?"

ಅವನು ಒಂದು ಗಳಿಗೆ ಬೈಕನ್ನು ನೋಡಿದ, ಆಮೇಲೆ ನನ್ನನ್ನು. "ಹೂಂ. ಕೇಳ್ತು, ಕೇಳ್ತು. ಏನಂತ ನೋಡ್ಬೇಕು."

ನೋಡಿದ, ಒಂದು ವಾರ ಬಿಡದೆ ನೋಡಿದ. ಪೆಟ್ಟಿಗೆಗಳನ್ನೆಲ್ಲ ಬರಿದು ಮಾಡಿದ, ಬೈಕಿನ ರೇಡಿಯೊ ಏರಿಯಲ್ ಕಡ್ಡಿಯ ತಿರುಪು ಬಿಗಿ ಮಾಡಿದ, ಮುಚ್ಚಳಗಳ ಕೆಳಗೆ ಹಳೆ ಟ್ಯೂಬಿನ ಚೂರು ಕೊಟ್ಟ. ಪ್ರತಿ ಸಲವೂ ಕೆಳಗಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ನನ್ನನ್ನೇ ಕೇಳುತ್ತಿದ್ದ: "ಈಗ?" ನಾನು ತಲೆ ಅಲ್ಲಾಡಿಸುತ್ತಿದ್ದೆ. ಸದ್ದು ಇದ್ದಲ್ಲೇ ಇತ್ತು.

ಇಂಥ ಹಳೆಯ ಟೂರಿಂಗ್ ಬೈಕಿನ ಸದ್ದು ಹುಡುಕುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನಿಂತಾಗ ಅದು ಬಾಯೇ ಬಿಡುವುದಿಲ್ಲ, ಎಪ್ಪತ್ತು ಕಿಲೋಮೀಟರ್ ವೇಗ ಬಂದಾಗಲೇ ಶುರು. ಓಡಿಸುವವನು ಎಪ್ಪತ್ತರಲ್ಲೇ ಹಿಡಿದು ನೆಟ್ಟಗೆ ಹೋಗುತ್ತಿರಬೇಕು. ಹಿಂದೆ ಕೂತವರು ಒಂದೊಂದೇ ಭಾಗವನ್ನು ಅಂಗೈಯಿಂದ ಒತ್ತಿ ಹಿಡಿಯಬೇಕು. ಒತ್ತಿದಾಗ ಸದ್ದು ನಿಂತರೆ ಕಳ್ಳ ಅಲ್ಲೇ ಇದ್ದಾನೆ. ನಮ್ಮಿಬ್ಬರ ಹೆಲ್ಮೆಟ್ಟಿನೊಳಗೆ ಮಾತಾಡುವ ಸಾಧನವೊಂದಿತ್ತು. ಒಂಬತ್ತು ವರ್ಷದ ಹಿಂದೆ ಕೆಟ್ಟಾಗ, ಬಿಸಾಡು ಅತ್ಲಾಗೆ, ಅದ್ಯಾಕೆ ಬೇಕು ಎಂದಿದ್ದ ಬರ್ಟನ್. ಅಂದಿನಿಂದ ನಮ್ಮದು ತಟ್ಟುವ ಭಾಷೆ. ಅವನು ಎಡಗೈ ಬೆರಳೆತ್ತಿ ಕೇಳುತ್ತಾನೆ. ನಾನು ಅವನ ತೊಡೆಯ ಮೇಲೆ ಒಂದು ಸಲ ತಟ್ಟಿದರೆ ನಿಂತಿತು ಎಂದು. ಎರಡು ಸಲ ತಟ್ಟಿದರೆ ಇನ್ನೂ ಇದೆ ಎಂದು. ಹೀಗೆ ಎಷ್ಟು ಕಳ್ಳರನ್ನು ಹಿಡಿದಿದ್ದೇನೆ ನಾನು! ಕನ್ನಡಕದ ಡಬ್ಬಿ, ಸಡಿಲವಾದ ಕನ್ನಡಿ, ಒಮ್ಮೆ ಪೆಟ್ಟಿಗೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಉಪ್ಪಿನ ಹೆರಿಂಗ್ ಮೀನಿನ ಬಾಟಲಿಯ ಮುಚ್ಚಳ. ನಮ್ಮ ಬೈಕ್ ಕ್ಲಬ್ಬಿನಲ್ಲಿ ನನಗೆ ಅದೇ ಹೆಸರು, ಬರ್ಟನ್ನನ ಕಿವಿ.

ಶನಿವಾರ ಬೆಳಗ್ಗೆ ಅಗ್ನಿಶಾಮಕದವರ ಹಾಲಿನಲ್ಲಿ ಕ್ಲಬ್ಬಿನ ತಿಂಡಿ. ಮೀನಿನ ವಡೆಯ ತಟ್ಟೆ ಮುಂದಿಟ್ಟುಕೊಂಡು ಬರ್ಟನ್ ತನ್ನ ಗೋಳು ಹೇಳಿಕೊಂಡ. ಅಲ್ಲಿ ಓಡೆಟ್ ಕೂತಿದ್ದಳು.

ಓಡೆಟ್ ಸೂರೆಟ್ ಎಂದು ಅವಳ ಪೂರ್ತಿ ಹೆಸರು, ನದಿಯ ಆಚೆ ದಡದವಳು. ಐವತ್ತಾರು ವರ್ಷ, ನನಗಿಂತ ಎಂಟು ಕಡಿಮೆ. ನೋಡಿದರೆ ಹದಿನೆಂಟು ಕಡಿಮೆ ಎನ್ನಬೇಕು. ಸುತ್ತಮುತ್ತಲ ಊರುಗಳ ಪಿಯಾನೊಗಳ ಶ್ರುತಿ ಸರಿಮಾಡುವುದು ಅವಳ ಕಸುಬು. ಗಂಡ ಲಯೊನೆಲ್ ಎರಡು ವರ್ಷದ ಹಿಂದೆ ತೀರಿಕೊಂಡ. ಅವನದೂ ಇಂಥದೇ ಬೈಕಿತ್ತು. ಗಂಡ ಹೋದ ಮೇಲೂ ಅವಳು ಕಾರಿನಲ್ಲಿ ಬಂದು ಕ್ಲಬ್ಬಿನ ತಿಂಡಿ ತಿಂದು ಹೋಗುತ್ತಿದ್ದಳು.

"ಹಿಂದೆ ಯಾರಾದ್ರೂ ಕೂತ್ರೆ ಅರ್ಧ ಗಂಟೆ ಕೆಲಸ," ಎಂದ ಬರ್ಟನ್. "ಇವಳು ಹತ್ತೋ ಹಾಗಿಲ್ಲ."

"ನಾನು ಕೂರ್ತೀನಿ ಬೇಕಾದ್ರೆ," ಎಂದಳು ಓಡೆಟ್. ಎಂದು ನನ್ನ ಕಡೆ ತಿರುಗಿ, "ನಿಮ್ಮ ಅಭ್ಯಂತರ ಇಲ್ದಿದ್ರೆ, ವರ್ನಾ," ಎಂದಳು.

ಇಡೀ ಮೇಜು ನನ್ನ ಮುಖ ನೋಡುತ್ತಿತ್ತು. ಅಭ್ಯಂತರ ಇದೆ ಅನ್ನಲಿಕ್ಕಾಗುತ್ತದೆಯೇ? "ಅಯ್ಯೋ, ಕೂತ್ಕೊಳ್ಳೇ. ಅದಕ್ಕೇನಂತೆ," ಎಂದೆ. ನಾಲಿಗೆ ಅಷ್ಟು ಸರಾಗವಾಗಿ ಸುಳ್ಳು ಹೇಳಿದ್ದು ನೋಡಿ ನನಗೇ ಆಶ್ಚರ್ಯ.

ಸೋಮವಾರ ಬರ್ಟನ್ ಫೆರಿಯಲ್ಲಿ ನದಿ ದಾಟಿ ಹೋಗಿ ಅವಳನ್ನು ಕರೆತಂದ. ಹೋಗುವಾಗ ನನ್ನ ಹೆಲ್ಮೆಟ್ಟು, ನನ್ನ ಜಾಕೆಟ್ಟು ತೆಗೆದುಕೊಂಡು ಹೋಗಿದ್ದ. ಅವಳದ್ದನ್ನೆಲ್ಲ ಬೈಕಿನ ಜೊತೆಗೇ ಮಾರಿದ್ದರಂತೆ. ನನ್ನ ಜಾಕೆಟ್ಟು ಅವಳ ಮೈಗೆ ನನಗಿಂತ ಚೆನ್ನಾಗಿ ಕೂತಿತ್ತು. ನನಗೆ ಹೊಟ್ಟೆಯ ಹತ್ತಿರ ಎಳೆದು ಎಳೆದು ಹಾಕಬೇಕಾದ ಜಿಪ್ಪು ಅವಳಿಗೆ ಸುರ್ರೆಂದು ಮೇಲೆ ಹೋಗಿತ್ತು. ಆ ಸುರ್ರೆಂಬ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಅವತ್ತು ಎರಡು ಗಂಟೆ ಸುತ್ತಾಡಿ ಬಂದರು. ಸದ್ದು ಸಿಗಲಿಲ್ಲ. ಮಂಗಳವಾರವೂ ಸಿಗಲಿಲ್ಲ. ಗುರುವಾರವೂ ಇಲ್ಲ. ಇಬ್ಬರೂ ನಮ್ಮ ಗ್ಯಾರೇಜಿನಲ್ಲಿ ಕೂತು ಒಂದೊಂದು ಭಾಗ ಬಿಚ್ಚುವರು, ಕಟ್ಟುವರು, ಮತ್ತೆ ಹೊರಡುವರು. ನಾನು ಕಾಫಿ ಕೊಡಲು ಹೋದರೆ ಮಾತು ನಿಲ್ಲಿಸುತ್ತಿದ್ದರು ಎಂದು ಹೇಳಿದರೆ ಸುಳ್ಳಾಗುತ್ತದೆ, ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದ್ದರೆ ಚೆನ್ನಾಗಿತ್ತು, ಜಗಳವಾಡಲು ಒಂದು ಕಾರಣ ಸಿಗುತ್ತಿತ್ತು. ಅದು ಬಿಟ್ಟು ಅವಳು "ನಿಮ್ಮ ಕಾಫಿ ಎಷ್ಟು ಚೆನ್ನಾಗಿರತ್ತೆ ವರ್ನಾ" ಎಂದು ನಗುವಳು. ನಾಲ್ಕನೆಯ ದಿನದಿಂದ ನನ್ನ ಗಂಡನನ್ನು ಬರ್ಟಿ ಎನ್ನಲು ಶುರು ಮಾಡಿದಳು. ಅವನ ಸ್ವಂತ ತಾಯಿ ಅವನನ್ನು ಬರ್ಟಿ ಎಂದಿರಲಿಲ್ಲ.

ಒಂದು ರಾತ್ರಿಯ ಊಟದಲ್ಲಿ ಕೇಳಿದೆ. "ಅವಳು ನಿಂಗೆ ಹೇಗೆ ಹೇಳ್ತಾಳೆ?"

"ಏನು ಹೇಗೆ?"

"ಸದ್ದು ಇದೆಯೋ ನಿಂತ್ಹೋಯ್ತೋ ಅಂತ."

"ತಟ್ತಾಳೆ."

"ಎಲ್ಲಿ?"

"ತೊಡೆ ಮೇಲೆ. ಇನ್ನೆಲ್ಲಿ ತಟ್ಬೇಕು, ತಲೆ ಮೇಲಾ?"

"ಅದು ನಮ್ಮದು."

"ಏನು ನಮ್ಮದು? ತೊಡೆ ನಂದು ಕಣೇ," ಎಂದು ನಕ್ಕ. ನಾನು ತಟ್ಟೆ ಎತ್ತಿಕೊಂಡು ಎದ್ದೆ. ಅವನದು ಇನ್ನೂ ಮುಗಿದಿರಲಿಲ್ಲ, ಅದನ್ನೂ ಎತ್ತಿಕೊಂಡೆ.

ಮೊದಲ ದಿನ ಆ ಜಿಪ್ಪು ನೋಡಿದಂದಿನಿಂದಲೇ ಅವರಿಬ್ಬರೂ ಬರುವ ಹೊತ್ತಿಗೆ ನಾನು ವರಾಂಡದಲ್ಲಿ ಕೂರುವುದನ್ನೇ ಬಿಟ್ಟಿದ್ದೆ. ಫೆರಿ ಈಚೆ ದಡ ಮುಟ್ಟುವ ಹೊತ್ತು ನನಗೆ ಗೊತ್ತು. ಐದು ನಿಮಿಷ ಮೊದಲೇ ಒಳಗೆ ಹೋಗಿ ಅಡುಗೆಮನೆಯ ರೇಡಿಯೊ ಜೋರಾಗಿ ಹಾಕುವೆ, ಸಿಂಕಿನ ನಲ್ಲಿ ತಿರುಗಿಸುವೆ. ನೋಡಲೂ ಬಾರದು, ಕೇಳಲೂ ಬಾರದು. ಅವಳನ್ನು ಬಿಟ್ಟು ಅವನೊಬ್ಬನೇ ಬರುವಾಗ ಮತ್ತೆ ವರಾಂಡಕ್ಕೆ ಬರುವೆ. ಟಿಕ್ ಟಿಕ್ ಎಂದುಕೊಂಡು ಬರುವನು. ಇವತ್ತೂ ಸಿಗಲಿಲ್ಲ ಎಂದುಕೊಂಡು ಹಲ್ಲು ಕಡಿಯುವೆ. ನನ್ನ ಕೈಗೆ ಅರ್ಧ ಗಂಟೆಯ ಕೆಲಸ, ಆ ಶ್ರುತಿಯವಳಿಗೆ ಎರಡು ವಾರವಾದರೂ ಆಗಲಿಲ್ಲವಲ್ಲ ಎಂದು ಒಳಗೊಳಗೇ ಖುಷಿಯೂ ಆಗುತ್ತಿತ್ತು. ಎರಡೂ ಒಟ್ಟಿಗೇ ಆಗುತ್ತಿತ್ತು.

ಜುಲೈ ಕೊನೆಯಲ್ಲಿ ಬರ್ಟನ್ ನಿಜವಾದ ಚೂರಿ ಹಾಕಿದ.

ಪ್ರತಿ ಸೆಪ್ಟೆಂಬರಿನಲ್ಲಿ ಕ್ಲಬ್ಬಿನವರು ಕೇಪ್ ಬ್ರೆಟನ್ ದ್ವೀಪ ಸುತ್ತಿ ಬರುತ್ತಾರೆ, ಐದು ದಿನ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ನಾನು ತಪ್ಪಿಸಿಲ್ಲ. ಬರ್ಟನ್ ಷೂ ಬಿಚ್ಚುತ್ತ, ನೆಲ ನೋಡುತ್ತ ಹೇಳಿದ. "ನಿನ್ನ ಸೊಂಟ ಅಷ್ಟರಲ್ಲಿ ಸರಿಹೋಗ್ಲಿಲ್ಲ ಅನ್ನು. ಆಗ ಓಡೆಟ್ ಬರ್ತೀನಿ ಅಂದ್ಲು. ಒಬ್ಬನೇ ಹೋಗೋಕೆ ನಂಗೆ ಯಾಕೋ ಧೈರ್ಯ ಇಲ್ಲ. ರೂಮು ಬೇರೆ ಬೇರೆ ತಗೋತೀವಿ."

"ಬೇರೆ ಬೇರೆ ಅಂತ ನೀನ್ಯಾಕೆ ಹೇಳ್ದೆ? ನಾನು ಕೇಳಿದ್ನಾ?"

"ಕೇಳೇ ಕೇಳ್ತಿದ್ದೆ ನೀನು."

"ನಲವತ್ತು ವರ್ಷ ದೋಣಿ ಕಟ್ಟೋ ಶೆಡ್ಡಲ್ಲಿ ಕಿರುಚೋ ಗರಗಸದ ಮುಂದೆ ನಿಂತೋನಿಗೆ ಈಗ ಒಬ್ನೇ ಹೋಗೋಕೆ ಧೈರ್ಯ ಇಲ್ವಂತೆ!"

ಅವನು ಇನ್ನೊಂದು ಷೂ ಬಿಚ್ಚಿದ. ಆ ರಾತ್ರಿ ನನಗೆ ನಿದ್ದೆಯಿಲ್ಲ. ಸೊಂಟ ನೋವಿರಬೇಕೆಂದು ಅವನು ಮಾತ್ರೆ ತಂದುಕೊಟ್ಟ. ನನಗೆ ಬೇಕಾಗಿದ್ದದ್ದು ಸೆಪ್ಟೆಂಬರಿನಲ್ಲಿ ಆ ಸೀಟು. ಅದೊಂದೇ. ಗಂಡನನ್ನು ಆಮೇಲೆ ವಿಚಾರಿಸಿಕೊಳ್ಳಬಹುದಿತ್ತು.

ಆಗಸ್ಟ್ ಮೊದಲ ಮಂಗಳವಾರ, ಹೊಸ ತರಕಾರಿಗಳನ್ನು ಹಾಲಿನಲ್ಲಿ ಬೇಯಿಸುವ ಹಾಡ್ಜ್‌ಪಾಡ್ಜ್ ಮಾಡೋಣವೆಂದು ಎಳೆ ಬೀನ್ಸ್ ಕೀಳಲು ಹೋದೆ. ರಸ್ತೆಗೆ ತಾಗಿಕೊಂಡೇ ನಮ್ಮ ತರಕಾರಿ ಪಾತಿ. ಬಗ್ಗುವ ಹಾಗಿಲ್ಲವಾದ್ದರಿಂದ ಬಕೆಟ್ಟು ಮಗುಚಿ ಅದರ ಮೇಲೆ ಕೂತು ಕೀಳುತ್ತಿದ್ದೆ. ಸಮಯ ಹೋದದ್ದೇ ತಿಳಿಯಲಿಲ್ಲ. ಕೆಳಗೆ ಎಂಜಿನ್ನಿನ ಗುಂಯ್ ಕೇಳಿದಾಗ ಊರುಗೋಲಿಗೆ ಕೈಚಾಚಿದೆ. ಅದು ಜಾರಿ ಬಳ್ಳಿಯೊಳಗೆ ಬಿತ್ತು. ಏಳಲಾಗಲಿಲ್ಲ. ಮಡಿಲಲ್ಲಿ ಬೀನ್ಸ್ ಇಟ್ಟುಕೊಂಡು, ನನ್ನ ಜಾಕೆಟ್ಟಿನಲ್ಲಿ ಬೇರೆಯವಳು ನನ್ನ ಗಂಡನ ಹಿಂದೆ ಕೂತು ಬರುವುದನ್ನು ಮೂರೇ ಮಾರು ದೂರದಿಂದ ನೋಡಬೇಕಾಯಿತು.

ಅವಳು ಹಾಯಾಗಿ ಒರಗಿಕೊಂಡು ಕೂತಿದ್ದಳು. ಯಾವ ಭಾಗವನ್ನೂ ಒತ್ತುತ್ತಿರಲಿಲ್ಲ. ಕೈಗಳು ಮಡಿಲಲ್ಲಿದ್ದವು. ಮುಖ ಮೇಲಕ್ಕೆತ್ತಿ ಗಾಳಿ ಕುಡಿಯುತ್ತಿದ್ದಳು.

ಬೈಕಿನಲ್ಲಿ ಸದ್ದೇ ಇರಲಿಲ್ಲ.

ಗುಂಯ್ ಎಂದು ಹೋಯಿತು, ಅಷ್ಟೇ. ಟಿಕ್ ಇಲ್ಲ, ಟಕ್ ಇಲ್ಲ. ಹೇಗೋ ಊರುಗೋಲು ಎಳೆದುಕೊಂಡು ಎದ್ದು ವರಾಂಡಕ್ಕೆ ಬಂದೆ. ಒಂದು ಗಂಟೆಯ ನಂತರ ಅವಳನ್ನು ಬಿಡಲು ಹೊರಟಾಗಲೂ ಸದ್ದಿಲ್ಲ. ಅರ್ಧ ಗಂಟೆ ಬಿಟ್ಟು ಅವನೊಬ್ಬನೇ ಬಂದ: ಟಿಕ್ ಟಿಕ್ ಟಿಕ್.

ನನಗೆ ಕಳ್ಳ ಸಿಕ್ಕಿಬಿಟ್ಟ. ಹಿಂದಿನ ಸೀಟಿನ ಒರಗುದಿಂಬು! ಯಾರಾದರೂ ಒರಗಿ ಕೂತರೆ ಬೆನ್ನಿನ ಭಾರಕ್ಕೆ ಅದು ಬಾಯಿ ಮುಚ್ಚಿಕೊಂಡಿರುತ್ತದೆ. ಸೀಟು ಖಾಲಿಯಾದರೆ ಅದುರುತ್ತದೆ. ಅದರ ಕಬ್ಬಿಣದ ಪಟ್ಟಿಯ ಕೆಳಗಿನ ರಬ್ಬರು ಯಾವ ಕಾಲದಲ್ಲೋ ಸವೆದಿರಬೇಕು. ಅಷ್ಟು ವರ್ಷ ನನ್ನ ಬೆನ್ನು ಅದನ್ನು ಹಿಡಿದುಕೊಂಡಿತ್ತು, ನನಗೇ ಗೊತ್ತಿರಲಿಲ್ಲ.

ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ಮೈಯೆಲ್ಲ ಉರಿಯಿತು. ಇವರಿಬ್ಬರೂ ಒಟ್ಟಿಗೆ ಹೋಗುವಾಗ ಸದ್ದು ಇಲ್ಲ ಎಂದಾದರೆ, ಒಂದು ತಿಂಗಳಿಂದ ಇವರು ಹುಡುಕುತ್ತಿರುವುದೇನು?

ಊರುಗೋಲು ಕುಟ್ಟಿಕೊಂಡು ನೇರ ಗ್ಯಾರೇಜಿಗೆ ಹೋದೆ. ಬರ್ಟನ್ ನನಗೆ ಬೆನ್ನು ಮಾಡಿ, ಬೈಕಿನ ಪಕ್ಕದಲ್ಲಿ ಮಂಡಿಯೂರಿ ಯಾವುದೋ ತಿರುಪು ಒರೆಸುತ್ತಿದ್ದ. ಬಾಯಿಗೆ ಬಂದದ್ದನ್ನೆಲ್ಲ ಒದರಿಬಿಡುವುದೆಂದು ಹೋದವಳು ನಾನು. ಆದರೆ ಮೊದಲು ಖಾತ್ರಿಯಾಗಲಿ ಎಂದು ಊರುಗೋಲಿನ ತುದಿಯಿಂದ ಒರಗುದಿಂಬನ್ನು ಅಲುಗಿಸಿದೆ. ಟಿಕ್ ಟಿಕ್ ಟಿಕ್. ಅದೇ ಸದ್ದು, ಅವನ ಕಿವಿಯಿಂದ ಎರಡಡಿ ದೂರದಲ್ಲಿ.

ಅವನು ತಿರುಗಲಿಲ್ಲ.

ಇನ್ನೊಮ್ಮೆ ಅಲುಗಿಸಿದೆ, ಜೋರಾಗಿ. ಅವನು ತನ್ನಷ್ಟಕ್ಕೆ ಸಿಳ್ಳೆ ಹಾಕಿಕೊಂಡು ತಿರುಪು ಒರೆಸುತ್ತಲೇ ಇದ್ದ. ಮೂರನೆಯ ಸಲ ಅಲುಗಿಸುವಾಗ ನನ್ನ ನೆರಳು ಅವನ ಕೈಮೇಲೆ ಬಿತ್ತು. ಆಗ ಬೆಚ್ಚಿ ಹಿಂದೆ ನೋಡಿದ.

"ಓ, ನೀನಾ? ಬಂದಿದ್ದೇ ಗೊತ್ತಾಗ್ಲಿಲ್ಲ. ಏನು?"

ನಲವತ್ತು ವರ್ಷದ ಗರಗಸ. ಕೆಟ್ಟ ಹೆಲ್ಮೆಟ್ ಸಾಧನವನ್ನು ರಿಪೇರಿ ಮಾಡಿಸದೆ ಬಿಸಾಡಿದ್ದು. ಪ್ರತಿ ಸುತ್ತಿನ ನಂತರ ನನ್ನ ಮುಖ ನೋಡಿ "ಈಗ?" ಎಂದದ್ದು. ಒಬ್ಬನೇ ಹೋಗಲು ಧೈರ್ಯವಿಲ್ಲ ಎಂದದ್ದು. ಎಲ್ಲ ಸಾಲಾಗಿ ಬಂದು ನಿಂತವು. ಈ ಮನುಷ್ಯ ಆ ಸದ್ದನ್ನು ಒಮ್ಮೆಯೂ ಕೇಳಿಯೇ ಇರಲಿಲ್ಲ. ಹಿಂದೆ ಕೂತವರು ಎಷ್ಟು ಸಲ ತಟ್ಟಿದರೋ ಅಷ್ಟೇ ಅವನಿಗೆ ಗೊತ್ತು.

"ಏನಿಲ್ಲ. ಊಟಕ್ಕೆ ಬಾ," ಎಂದೆ.

ಅಂದರೆ ಸುಳ್ಳು ತಟ್ಟಿದವಳು ಅವಳು.

ಮರುದಿನ ಬರ್ಟನ್ ಪೇಟೆಗೆ ಹೋದ ಹೊತ್ತು ನೋಡಿ ನಮ್ಮ ಹಳೆ ಪಿಕಪ್ ತೆಗೆದುಕೊಂಡು ಫೆರಿ ಹತ್ತಿದೆ. ಓಡೆಟ್‌ಳ ಮನೆಯ ಮುಂಬಾಗಿಲು ತೆರೆದಿತ್ತು. ಒಳಗೆ ಹೊಟ್ಟೆ ಬಿಚ್ಚಿದ ಒಂದು ಪಿಯಾನೊ, ಅದರ ಮುಂದೆ ಸ್ಟೂಲಿನ ಮೇಲೆ ಅವಳು. ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತಿ ಕಿವಿಗೊಟ್ಟು ಕೇಳುತ್ತಿದ್ದಳು. ನಾನು ಬಂದದ್ದನ್ನು ಊರುಗೋಲಿನ ಸದ್ದಿನಲ್ಲೇ ತಿಳಿದಳು. ತಿರುಗುವ ಮೊದಲೇ "ಬನ್ನಿ ವರ್ನಾ" ಎಂದಳು.

"ಸದ್ದು ಸಿಕ್ತೇನೇ?" ಎಂದೆ, ನಿಂತುಕೊಂಡೇ.

"ಇನ್ನೂ ಇಲ್ಲ..."

"ಒರಗುದಿಂಬು."

ಅವಳ ಬೆರಳು ಸ್ವರದ ಮೇಲೇ ನಿಂತಿತು. ಮುಖ ಬಿಳಿಚಿಕೊಂಡಿತು. ಮತ್ತೆ ಸುಳ್ಳು ಹೇಳಲು ಹೋಗಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯವಳು.

"ಯಾವತ್ತು ಗೊತ್ತಾಯ್ತು ನಿಂಗೆ?"

"ಎರಡನೇ ದಿನ. ಮೊದಲ್ನೇ ದಿನ ಬಗ್ಗಿ ಬಗ್ಗಿ ಒತ್ತಿ ನೋಡ್ತಿದ್ದೆ, ಸದ್ದು ಇತ್ತು. ಎರಡನೇ ದಿನ ಸುಸ್ತಾಗಿ ಹಿಂದಕ್ಕೆ ಒರಗಿದೆ, ನಿಂತ್ಹೋಯ್ತು. ಬರ್ಟಿ ಬೆರಳೆತ್ತಿದ್ರು. ಒಂದು ಸಲ ತಟ್ಬೇಕು ಅಂತ ಕೈ ಎತ್ತಿದೆ. ಎರಡು ಸಲ ತಟ್ಬಿಟ್ಟೆ."

"ಯಾಕೆ?"

"ಒಂದು ತಟ್ಟಿದ್ರೆ ಅಲ್ಲಿಗೆ ಮುಗೀತಿತ್ತಲ್ಲ ವರ್ನಾ."

"ನನ್ನ ಗಂಡನ್ನ ಬುಟ್ಟಿಗೆ ಹಾಕ್ಕೊಳ್ಳೋಕೆ ನೋಡ್ತಿದೀಯಾ?"

ಅವಳು ಕಣ್ಣರಳಿಸಿದಳು. ಆಮೇಲೆ ನಕ್ಕುಬಿಟ್ಟಳು. "ಬರ್ಟೀನಾ? ನಿಮ್ಮ ಯಜಮಾನರ ಬೆನ್ನು ಅಗಲವಾಗಿದೆ, ಗಾಳಿ ಚೆನ್ನಾಗಿ ತಡೀತಾರೆ. ನಾನು ಅವರಲ್ಲಿ ನೋಡಿರೋದು ಅಷ್ಟೇ."

ಅವನನ್ನು ಬೇಡವೆಂದದ್ದಕ್ಕೂ ನನಗೆ ಸಿಟ್ಟು ಬಂತು. ಅಷ್ಟೂ ಬೆಲೆಯಿಲ್ಲದವನೇ ನನ್ನ ಗಂಡ?

"ಲಯೊನೆಲ್ ಹೋದ ವಾರವೇ ಅವರ ತಮ್ಮ ಬೈಕ್ ಮಾರ್ಬಿಟ್ರು," ಎಂದಳು ಓಡೆಟ್, ನಗು ನಿಲ್ಲಿಸಿ. "ನಾನು ಓಡಿಸೋಳಲ್ಲ, ಯಾರೂ ನನ್ನ ಕೇಳ್ಲೂ ಇಲ್ಲ. ಎರಡು ವರ್ಷದಿಂದ ಜನ ಮನೆಗೆ ಕೇಕ್ ತಂದುಕೊಡ್ತಾರೆ, ಮೀನು ತಂದುಕೊಡ್ತಾರೆ, ಹಿಮ ಬಿದ್ರೆ ಬಂದು ಬಾಚಿ ತೆಗೀತಾರೆ. ಹಿಂದಿನ ಸೀಟು ಮಾತ್ರ ಯಾರೂ ಕೊಡಲ್ಲ. ಎಲ್ಲರ ಹಿಂದೇನೂ ಒಬ್ಬೊಬ್ಬಳು ಕೂತಿರ್ತಾಳೆ. ನಾನು ಕಾರಲ್ಲಿ ಹಿಂದೆ ಹಿಂದೆ ಬರೋಳು."

ನನಗೆ ಪಾಪ ಅನ್ನಿಸಿತು. ಅನ್ನಿಸಿದ್ದು ನಿಜ. ಆದರೆ ಹೊಟ್ಟೆಯ ಉರಿ ಪಾಪಕ್ಕೆ ಜಾಗ ಬಿಡಲಿಲ್ಲ.

"ನಿನ್ನ ದುಃಖ ನಂಗೆ ಗೊತ್ತಾಗತ್ತೆ. ಅದಕ್ಕೆ ಕಿವುಡನ ತೊಡೆ ಮೇಲೆ ಸುಳ್ಳು ತಟ್ಟೋದಾ?"

"ಕೇಳ್ಸಲ್ಲ ಅಂತ ನಿಮಗೂ ಗೊತ್ತಾ?" ಎಂದಳು ಅವಳು, ತಗ್ಗಿದ ದನಿಯಲ್ಲಿ. "ನಂಗೆ ಎರಡನೇ ದಿನವೇ ಗೊತ್ತಾಯ್ತು. ಫೆರಿ ಇಳಿದ ಕೂಡ್ಲೇ ಹಿಂದಿನ ಲಾರಿಯೋನು ಹಾರ್ನ್ ಹೊಡ್ದ. ಲಾರಿ ಹಾರ್ನು ಕೇಳ್ತು ಅವರಿಗೆ. ಅದೇ ಪಕ್ಕದಲ್ಲಿ ಸೈಕಲ್ಲಿನ ಹುಡುಗಿ ಗಂಟೆ ಬಾರಿಸ್ತಾ ಬಂದ್ಲು, ಅದು ಕೇಳ್ಲಿಲ್ಲ. ನಾನೇ ಭುಜ ತಟ್ಟಿ ಪಕ್ಕಕ್ಕೆ ಮಾಡ್ಸಿದೆ. ಸಣ್ಣ ಸದ್ದುಗಳು ಅವರಿಗೆ ಹೋಗಿವೆ. ನೀವು ಇಷ್ಟು ವರ್ಷ ಹಿಂದೆ ಕೂತಿದ್ರಲ್ಲ, ನಿಮಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ."

ಇದು ನಾಟಿತು. ಜಾಕೆಟ್ಟು, ಹೆಲ್ಮೆಟ್ಟು, ಬರ್ಟಿ, ಕೇಪ್ ಬ್ರೆಟನ್, ಯಾವುದೂ ಇಷ್ಟು ಒಳಕ್ಕೆ ನಾಟಿರಲಿಲ್ಲ. ಬರ್ಟನ್ನನ ಕಿವಿ ಎಂದು ನನ್ನನ್ನು ಊರೆಲ್ಲ ಕರೆಯುತ್ತಿತ್ತು. ಆ ಹೆಸರು ನಿಜವೆಂದು ತಿಳಿದುಕೊಂಡದ್ದು ಮಾತ್ರ ಆಚೆ ದಡದ ಇವಳು, ಎರಡೇ ದಿನದಲ್ಲಿ. ನನ್ನ ಗಂಡನ ಬಗ್ಗೆ ನನಗಿಂತ ಮೊದಲು ಇನ್ನೊಬ್ಬಳಿಗೆ ಗೊತ್ತಾದದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವಳನ್ನೂ ಕ್ಷಮಿಸಿಲ್ಲ, ನನ್ನನ್ನೂ ಕ್ಷಮಿಸಿಕೊಂಡಿಲ್ಲ.

"ಗೊತ್ತಿತ್ತು. ಗೊತ್ತಿಲ್ದೆ ಏನು?" ಎಂದೆ.

ಅವಳು ನನ್ನ ಮುಖ ನೋಡಿದಳು. ಅವಳ ಕಿವಿಗೆ ಈ ಸುಳ್ಳೂ ಕೇಳಿಸಿರಬೇಕು. ಎದ್ದು ಹೋಗಿ ಡಬ್ಬಿಯೊಂದರಿಂದ ಕೆಂಪು ಬಟ್ಟೆಯ ಪಟ್ಟಿ ತೆಗೆದು ಕತ್ತರಿಸಿದಳು. ಪಿಯಾನೊ ಒಳಗೆ ಮರಕ್ಕೆ ಮರ ತಾಗಿ ಸದ್ದಾಗದಿರಲೆಂದು ಹಾಕುವ ದಪ್ಪ ಉಣ್ಣೆ ಬಟ್ಟೆ, ಬೆರಳುದ್ದ, ಬೆರಳಗಲ.

"ಇದನ್ನ ಆ ಕಬ್ಬಿಣದ ಪಟ್ಟಿ ಕೆಳಗೆ ಸಿಕ್ಕಿಸಿ. ಎರಡು ನಿಮಿಷದ ಕೆಲಸ. ಆಮೇಲೆ ಆ ಸದ್ದು ಬರಲ್ಲ, ಸೀಟು ಖಾಲಿ ಇದ್ರೂ."

ಬಟ್ಟೆಯನ್ನು ಜೇಬಿಗೆ ಹಾಕಿಕೊಂಡೆ. "ನನ್ನ ಜಾಕೆಟ್ಟು?"

ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದಳು. ತಂದುಕೊಟ್ಟಳು, ಹೆಲ್ಮೆಟ್ಟನ್ನೂ ಕೊಟ್ಟಳು. ಬಾಗಿಲವರೆಗೆ ಬಂದು, "ಕೇಪ್ ಬ್ರೆಟನ್‌ಗೆ ನೀವೇ ಹೋಗ್ತೀರಿ ಅಲ್ವಾ?" ಎಂದಳು.

"ಕೀಲು ಕಳಚಿಬಿದ್ರೂ ಹೋಗ್ತೀನಿ," ಎಂದೆ.

ಅಂದು ಸಂಜೆ ಅವಳು ಬರ್ಟನ್‌ಗೆ ಫೋನ್ ಮಾಡಿ ಬೆನ್ನು ನೋವು, ಇನ್ನು ಬರಲಾಗುವುದಿಲ್ಲ ಎಂದಳಂತೆ. "ಪಾಪ, ಎಷ್ಟು ಕಷ್ಟಪಟ್ಲು. ಆದ್ರೂ ಸಿಗ್ಲಿಲ್ಲ," ಎಂದ ಅವನು. ನಾನು ಬೀನ್ಸ್ ಬಡಿಸುತ್ತ "ಹೂಂ, ಪಾಪ" ಎಂದೆ.

ಎರಡು ನಿಮಿಷದ ಕೆಲಸ ಎಂದಳಲ್ಲ, ನಾನು ಮಾಡಲಿಲ್ಲ. ಮೂರು ಸಲ ಗ್ಯಾರೇಜಿಗೆ ಹೋದೆ. ಮೂರು ಸಲವೂ ಕೆಂಪು ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಒರಗುದಿಂಬು ನೋಡಿ ಹಿಂದಕ್ಕೆ ಬಂದೆ. ಯಾಕೆಂದರೆ ಆ ಸದ್ದು ಈಗ ನನ್ನ ಕಾವಲುಗಾರ. ವರಾಂಡದಲ್ಲಿ ಕೂತು ಕೆಳಗಿನ ರಸ್ತೆಗೆ ಕಿವಿಗೊಟ್ಟರೆ ಸಾಕು. ಟಿಕ್ ಟಿಕ್ ಎಂದರೆ ನನ್ನ ಸೀಟು ಖಾಲಿ ಇದೆ. ಆಗಸ್ಟ್ ಪೂರ್ತಿ ಅವನು ಒಬ್ಬನೇ ಹೋಗಿ ಒಬ್ಬನೇ ಬಂದ, ಹೆಚ್ಚು ದೂರವೇನೂ ಇಲ್ಲ, ಪೇಟೆಯವರೆಗೆ. ಪ್ರತಿ ಸಲವೂ ಟಿಕ್ ಟಿಕ್ ಕೇಳಿದ ಮೇಲೆಯೇ ನಾನು ಒಳಗೆ ಹೋಗಿ ಕಾಫಿಗೆ ನೀರಿಡುತ್ತಿದ್ದೆ.

ಅವನ ಕಿವಿಯ ವಿಚಾರ ಎತ್ತದೆ ಬಿಟ್ಟೆನೆಂದು ಯಾರೂ ತಿಳಿಯಬಾರದು. ಎತ್ತಿದೆ. "ಕಿವಿ ತೋರಿಸ್ಕೋ," ಎಂದೆ. "ನನ್ನ ಕಿವಿಗೇನಾಗಿದೆ?" ಎಂದ. "ಏನೂ ಆಗಿಲ್ಲ ಅಂತ ಡಾಕ್ಟ್ರು ಹೇಳ್ಲಿ," ಎಂದೆ. ನಾನೇ ಫೋನ್ ಮಾಡಿ ದಿನ ಗೊತ್ತು ಮಾಡಿದೆ. ಸೆಪ್ಟೆಂಬರ್ ಎರಡಕ್ಕೆ ಬರುತ್ತೀರಾ ಎಂದಳು ಅಲ್ಲಿಯ ಹುಡುಗಿ. ನವೆಂಬರಿನಲ್ಲಿ ಕೊಡಮ್ಮ ಎಂದೆ. ನವೆಂಬರ್ ಹದಿನೆಂಟು. ಅಷ್ಟರಲ್ಲಿ ಹಿಮ ಬಂದು ಬೈಕಿನ ಮೇಲೆ ಹೊದಿಕೆ ಬಿದ್ದಿರುತ್ತದೆ.

ಸೆಪ್ಟೆಂಬರ್ ನಾಲ್ಕಕ್ಕೆ ಡಾಕ್ಟರು ಕಾಲು ಎತ್ತಿಸಿ ಇಳಿಸಿ ನೋಡಿ, ಹತ್ತಬಹುದು, ನಿಧಾನ ಎಂದರು. ಹದಿನಾಲ್ಕನೆಯ ತಾರೀಖು ಬೆಳಗ್ಗೆ ಜಾಕೆಟ್ಟು ಹಾಕಿಕೊಂಡೆ. ಹೊಟ್ಟೆಯ ಹತ್ತಿರ ಜಿಪ್ಪು ಸಿಕ್ಕಿಕೊಂಡಿತು, ಎಳೆದು ಹಾಕಿದೆ. ಕಾಲಿಡಲು ಬರ್ಟನ್ ಮರದ ಮೆಟ್ಟಿಲೊಂದನ್ನು ಮಾಡಿಟ್ಟಿದ್ದ. ಹತ್ತಿ ಕೂತು ಹಿಂದಕ್ಕೆ ಒರಗಿದೆ. ಒರಗುದಿಂಬು ನನ್ನ ಬೆನ್ನಿನ ಗುರುತು ಮರೆತಿರಲಿಲ್ಲ.

ಕ್ಲಬ್ಬಿನವರು ಸೇರುವ ಜಾಗ ಆಚೆ ದಡದಲ್ಲಿ. ಫೆರಿ ಇಳಿಯುವಾಗ ನೋಡಿದೆ, ದಡದ ಮೇಲೆ ಓಡೆಟ್ ತನ್ನ ಕಾರಿಗೆ ಒರಗಿ ನಿಂತಿದ್ದಳು. ಎಲ್ಲರನ್ನೂ ಬೀಳ್ಕೊಡಲು ಬಂದಿದ್ದಳಂತೆ. ಬರ್ಟನ್ ಅವಳ ಪಕ್ಕದಲ್ಲೇ ಬೈಕ್ ನಿಲ್ಲಿಸಿ ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿದ.

"ಬೆನ್ನು ಹೇಗಿದೆ?"

"ಪರವಾಗಿಲ್ಲ ಬರ್ಟಿ. ಸದ್ದು ಸಿಕ್ತಾ?"

"ಎಲ್ಲಿ ಸಿಗತ್ತೆ! ಈಗ ಇವಳು ಬಂದಿದಾಳಲ್ಲ, ಇವಳು ಹಿಡೀತಾಳೆ ನೋಡು."

ಓಡೆಟ್‌ಳ ಕಣ್ಣು ಒರಗುದಿಂಬಿನ ಕಬ್ಬಿಣದ ಪಟ್ಟಿಯ ಮೇಲೆ ಹೋಯಿತು. ಅಲ್ಲಿ ಕೆಂಪು ಬಟ್ಟೆ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದಳು. ನಾನು ಮುಖ ತಿರುಗಿಸಲಿಲ್ಲ.

"ಹಿಡೀತಾರೆ ಬಿಡಿ," ಎಂದಳು ಅವಳು.

ಒಂಬತ್ತು ಬೈಕುಗಳ ಸಾಲಿನಲ್ಲಿ ನಮ್ಮದು ನಾಲ್ಕನೆಯದು. ಊರು ದಾಟಿ ರಸ್ತೆ ನೆಟ್ಟಗಾದ ಮೇಲೆ ಬರ್ಟನ್ ವೇಗ ಎಪ್ಪತ್ತಕ್ಕೆ ಏರಿಸಿ ಅಲ್ಲೇ ಹಿಡಿದ. ನಾನು ಪೂರ್ತಿ ಹಿಂದಕ್ಕೆ ಒರಗಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಎಂಜಿನ್ನಿನ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ಜಾಕೆಟ್ಟಿನ ಜೇಬಿನಲ್ಲಿ ಕೆಂಪು ಬಟ್ಟೆಯ ಪಟ್ಟಿ ಇತ್ತು. ಬಲಗಡೆಯ ಗುಡ್ಡದಲ್ಲಿ ಮೇಪಲ್ ಎಲೆಗಳು ಆಗಲೇ ಕೆಂಪಾಗತೊಡಗಿದ್ದವು.

ಬರ್ಟನ್ ಎಡಗೈ ಬೆರಳೆತ್ತಿ ಕೇಳಿದ.

ನಾನು ಅವನ ತೊಡೆಯ ಮೇಲೆ ಎರಡು ಸಲ ತಟ್ಟಿದೆ.